ಗಾದಿಯ ಮೇಲೆ ಕೂತ ಗೊಂಬೆ

ಸಿಂಧನೂರು

ಚಿರಂಜೀವಿ ವೀರೇಶನಿಗೆ ಆಶೀರ್ವಾದ.

ಮಸ್ಕಿಗೆ ಬಂದಿದ್ದೆ. ನಿನ್ನ ಅಂಗಡಿಯ ಮೇಜಿನ ಮೇಲೆ ನೀನು ಕಟ್ಟಿದ ನಮ್ಮ ರೈಸ್ ಮಿಲ್ಲಿನ ಮಾದರಿಯನ್ನೂ ಅದರ ಸುತ್ತ ಓಡುವ ಪುಟ್ಟ ರೈಲನ್ನೂ ನೋಡಿದೆ. ಚಿಮಣಿ, ಹೊಟ್ಟಿನ ರಾಶಿ, ಅಕ್ಕಿ ಚೀಲ ತುಂಬಿದ ರೈಲು ಡಬ್ಬಿಗಳು, ಎಲ್ಲ ಚೆಂದ. ಆದರೆ ಮಾಲೀಕರ ಗಾದಿಯ ಮೇಲೆ ನಿಮ್ಮಪ್ಪನ ಗೊಂಬೆ ಕೂತಿದೆ. ನನ್ನದು ಬಾಗಿಲಲ್ಲಿ ಚಾ ಕಿಟಲಿ ಹಿಡಿದು ನಿಂತಿದೆ.

"ಈಕಿ ಯಾರ್ರೀ?" ಎಂದು ಗಿರಾಕಿಯೊಬ್ಬ ಆ ಗೊಂಬೆ ತೋರಿಸಿ ಕೇಳಿದ. ನಾನು ಹಿಂದೆ ನಿಂತದ್ದು ನಿನಗೆ ಕಾಣಲಿಲ್ಲ. ನೀನು, "ನಮ್ಮವ್ವ ರೀ, ಹಮಾಲರಿಗೆ ಚಾ ಕೊಡಾಕತ್ತಾಳ" ಎಂದೆ. ನಾನು ಹಾಗೇ ತಿರುಗಿ ಬಸ್ಸು ಹತ್ತಿದೆ.

ನಿಮ್ಮಪ್ಪ ತೀರಿದಾಗ ನೀನು ತೊಟ್ಟಿಲಲ್ಲಿದ್ದೆ. ಗಂಡ ಸತ್ತವಳು ಗಾದಿ ಏರಬಾರದೆಂದು ನಿನ್ನ ದೊಡ್ಡಪ್ಪ ಅಡ್ಡ ನಿಂತರು. ಹಮಾಲ ಮಕ್ತುಮ್‌ಸಾಬ್ ಒಬ್ಬನೇ, "ಕೂಡ್ರಿ ಸಾವ್ಕಾರ್ರ, ಲಾರಿ ಬಂದು ನಿಂತೈತಿ" ಎಂದ. ಕೂತೆ. ಆ ಗಾದಿಯ ಮೇಲೆ ನೀನು ಬುದ್ಧಿ ಬಂದಾಗಿನಿಂದ ಕಂಡದ್ದು ನನ್ನೊಬ್ಬಳನ್ನೇ.

ಈ ದೀಪಾವಳಿ ಪೂಜೆಯಲ್ಲಿ ಅದನ್ನು ನಿನಗೆ ಒಪ್ಪಿಸುವವಳಿದ್ದೆ. ಈಗ ನಿನ್ನ ಅಕ್ಕ ಅಮರೇಶ್ವರಿಗೆ ಒಪ್ಪಿಸುತ್ತೇನೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಾ. ಅಕ್ಕನಿಗೆ ನಮಸ್ಕಾರ ಮಾಡಿ ಉಂಡು ಹೋಗು.

ನಿನ್ನ ತಾಯಿ,
ಉಮಾದೇವಿ