ಬಶೀರನ್ ಬೀಯವರ ಹಾಳೆಯ ತೂತುಗಳು

ಮಾನ್ಯ ಸಂಗ್ರಹಾಲಯಾಧಿಕಾರಿಗಳೇ,

ಬಶೀರನ್ ಬೀಯವರ ಮನೆತನದ ಚಿತ್ರದಲ್ಲಿದ್ದ ಸೂಜಿತೂತುಗಳನ್ನೆಲ್ಲ ತಾವು ಅಂಟು ಹಾಕಿಸಿ ಮುಚ್ಚಿಬಿಟ್ಟಿದ್ದೀರಿ. ಹಿಂದಿಯಲ್ಲಿ ಮೂರು, ಇಂಗ್ಲಿಷಿನಲ್ಲಿ ಎರಡು ಪತ್ರ ಬರೆದೆ, ಉತ್ತರವಿಲ್ಲ. ಈ ವಾರಾಣಸಿಯಲ್ಲಿ ತಾವೂ ನನ್ನಂತೆ ಬಿಜಾಪುರದ ಕಡೆಯವರೇ ಆದ್ದರಿಂದ ಈಗ ಕನ್ನಡದಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಅವು ಹುಳು ತಿಂದ ತೂತುಗಳಲ್ಲ ಸ್ವಾಮಿ. ಹಳೆಯ ಚಿತ್ರಗಾರರು ಒಂದು ಚಿತ್ರವನ್ನು ಮತ್ತೆ ಬರೆಯಬೇಕಾದಾಗ ಅದರ ಗೆರೆಗುಂಟ ಸೂಜಿಯಿಂದ ಚುಚ್ಚಿ, ಅಡಿಯಲ್ಲಿ ಹೊಸ ಹಾಳೆಯಿಟ್ಟು, ಇದ್ದಿಲಪುಡಿಯ ಗಂಟಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಕೆಳಗೆ ಬಿದ್ದ ಚುಕ್ಕಿಗಳನ್ನು ಕೂಡಿಸಿದರೆ ಚಿತ್ರ. ತೂತಿನ ತಟ್ಟೆಯಿಂದ ರಂಗೋಲಿ ಹಾಕುವ ನಮ್ಮ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಿಡುಗ ಹಿಡಿದು ಕೂತ ಈ ತರುಣ ಹೀಗೆ ಚುಚ್ಚಿಸಿಕೊಂಡ ಇದೇ ಹಾಳೆಯಲ್ಲಿ ಇರಾನಿನಿಂದ ಬಿಜಾಪುರಕ್ಕೆ ಬಂದ. ಅಲ್ಲಿಯವರು ಅವನಿಗೆ ಉದ್ದನೆಯ ಜರಿಶಲ್ಯ ಹೊದಿಸಿ ಆ ಗೆರೆಯನ್ನೂ ಚುಚ್ಚಿದರು. ಮೊಘಲರಲ್ಲಿ ಪಳಗಿದ ಇನ್ನೊಬ್ಬ ಅವನ ಮುಖವನ್ನು ಪೂರಾ ಪಕ್ಕಕ್ಕೆ ತಿರುಗಿಸಿ ಮತ್ತೆ ಚುಚ್ಚಿದ. ಬೆಳಕಿಗೆ ಹಿಡಿದರೆ ಮೂರು ಸೀಮೆಯ ಸೂಜಿಯೂ ಒಂದೇ ಹಾಳೆಯಲ್ಲಿ ಕಾಣುತ್ತಿತ್ತು. ಈಗ ಕಾಣುವುದು ತಮ್ಮ ಚೀಟಿ: ‘ಇರಾನಿ ಶೈಲಿ. ಕೀಟಬಾಧೆ ನಿವಾರಿಸಲಾಗಿದೆ.’ ಬಿಜಾಪುರದವರೂ ಮೊಘಲರೂ ತಮ್ಮ ಲೆಕ್ಕದಲ್ಲಿ ಕೀಟಗಳೇ?

ನಾನು ಖುದ್ದಾಗಿ ಬಂದು ಕೇಳಿದಾಗ ತಾವು ನಕ್ಕಿರಿ. “ಹುಳಾ ತಿಂದ ಹಾಳೀನ ಹೊಸಾದು ಮಾಡೀವ್ರೀ ಬಾಯಾರ. ಹಾರ ತರೂದ ಬಿಟ್ಟು ಜಗಳಕ್ಕ ಬಂದೀರಲ್ಲ!” ಹೌದು, ಹಾರ ತರಬೇಕಿತ್ತು. ಸತ್ತವರಿಗೂ ಹಾರ ಹಾಕುತ್ತಾರೆ.

ಬಶೀರನ್ ಬೀ ಮದನ್‌ಪುರದ ನೇಕಾರರ ಓಣಿಯವರು, ಎಪ್ಪತ್ತೈದು ದಾಟಿದೆ. ಅವರ ಹಿರಿಯರು ಬಿಜಾಪುರದಿಂದ ಬಂದ ಚಿತ್ರಗಾರರೆಂಬುದಕ್ಕೆ ಆ ಹಾಳೆಯೊಂದೇ ಸಾಕ್ಷಿ. ನಾನು ಬಿಜಾಪುರದವಳೆಂದು ತಿಳಿದ ದಿನದಿಂದ ಅವರು ನನ್ನನ್ನು ‘ಮೈಕೇವಾಲಿ’, ತವರಿನವಳು, ಎಂದೇ ಕರೆಯುತ್ತಾರೆ. ಅದನ್ನು ಸಂಗ್ರಹಾಲಯಕ್ಕೆ ಕೊಡಲೊಲ್ಲೆ ಎಂದವರನ್ನು ಎರಡು ವರ್ಷ ಕಾಡಿ ಬೇಡಿ ಒಪ್ಪಿಸಿದವಳು ನಾನೇ. ‘ಮನೆಯಲ್ಲಿದ್ದರೆ ಗೆದ್ದಲು ತಿನ್ನುತ್ತದೆ, ಅಲ್ಲಿ ಭದ್ರ’ ಎಂದಿದ್ದೆ. ಹೋದ ತಿಂಗಳು ಆಟೋದಲ್ಲಿ ಅವರನ್ನು ಕರೆತಂದೆ. ಗಾಜಿಗೆ ಮುಖವಿಟ್ಟು ತುಂಬ ಹೊತ್ತು ನೋಡಿದರು.

“ಬೇಟಿ, ಛೇದ್ ಕಹಾಂ ಗಯೇ?”

ತೂತುಗಳು ಎಲ್ಲಿ ಹೋದವು ಎಂದರೆ ನಾನೇನು ಹೇಳಲಿ? ಮನೆ ಮುಟ್ಟುವವರೆಗೂ ಅವರು ನನ್ನ ಕೈ ಹಿಡಿದುಕೊಂಡೇ ಇದ್ದರು. ನಾಲ್ಕು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹಾಕಿರುವುದು ಗಂಜಿಯ ಅಂಟು. ಬಲ್ಲವರು ತೇವ ಮಾಡಿ ಬಿಡಿಸಿದರೆ ಕೆಲವು ತೂತುಗಳಾದರೂ ತೆರೆದಾವು, ಅದನ್ನು ಮಾಡಿಸಿ. ‘ರಿಪೇರಿ’ಗೆಂದು ಎತ್ತಿಟ್ಟಿರುವ ತಮ್ಮ ಸಂಗ್ರಹದ ಇಂಥ ಬೇರೆ ಹಾಳೆಗಳನ್ನು ದಯವಿಟ್ಟು ಮುಟ್ಟಬೇಡಿ. ಆಮೇಲೆ ಒಂದು ದಿನ ಮದನ್‌ಪುರಕ್ಕೆ ಬನ್ನಿ, ದಾರಿ ನಾನು ತೋರಿಸುತ್ತೇನೆ. ಆ ತಾಯಿಯ ಪ್ರಶ್ನೆಗೆ ತಾವೇ ಉತ್ತರ ಹೇಳಿ. ಅವರು ಇನ್ನೂ ನನ್ನನ್ನೇ ಕೇಳುತ್ತಿದ್ದಾರೆ.

ಇಂತಿ,
‘ಅಲ್ಲಿ ಭದ್ರ’ ಎಂದು ಮಾತು ಕೊಟ್ಟ ತವರಿನವಳು,
ಕಾತ್ಯಾಯನಿ
ಸೋನಾರ್‌ಪುರ, ವಾರಾಣಸಿ, ೨೦೦೬