ರಾದೊಯ್‌ನ ಗೋರಿ

ಸೋಫಿಯಾ ನಗರ

ಪೂಜ್ಯ ಫಾದರ್ ಮೆತೋದಿ ಅವರಿಗೆ,

ಕೆಥೆಡ್ರಲ್ ಕೆಳಗಿನ ಪುರಾತನ ಗೋರಿಗಳ ನಡುವೆ ನಿನ್ನೆ ಮೇಣದಬತ್ತಿ ಹಚ್ಚಿದವಳು ನನ್ನ ಅಮ್ಮ ತ್ಸ್ವೆತಾ. ಅವಳನ್ನು ಕೆಳಗೆ ಬಿಟ್ಟ ಕಾವಲುಗಾರನನ್ನು ಬೈಯಬೇಡಿ.

ನನ್ನ ತಮ್ಮ ರಾದೊಯ್ ಕಪ್ಪು ಸಮುದ್ರದಲ್ಲಿ ಮೀನು ಹಿಡಿಯಲು ಹೋಗಿ ಮುಳುಗಿದ. ಹೆಣ ಸಿಗಲಿಲ್ಲ. ಅವನು ಸತ್ತನೆಂದು ಅಮ್ಮ ಒಪ್ಪಿರಲೇ ಇಲ್ಲ. ನಿನ್ನೆ, ಸತ್ತವರನ್ನು ನೆನೆಯುವ ಶನಿವಾರ, ಇಟ್ಟಿಗೆಯ ಒಂದು ಖಾಲಿ ಗೋರಿಯ ಮುಂದೆ ನಿಂತವಳು, "ಇದ್ರಲ್ಲಿ ಯಾರೂ ಇಲ್ವಲ್ಲ, ನನ್ ಮಗ ಇಲ್ಲೇ ಮಲಗ್ಲಿ" ಎಂದು, ತೀರಿಹೋದ ಅಪ್ಪನ ಹೆಸರಲ್ಲಿ ಎಡೆಗೆಂದು ತಂದಿದ್ದ ಬೇಯಿಸಿದ ಗೋಧಿಯನ್ನು ಅಲ್ಲಿಟ್ಟು ಅತ್ತಳು.

ನಾನು ಅವಳ ಕೈಹಿಡಿದು ಮೆಟ್ಟಿಲು ಹತ್ತಿಸುವಾಗ ಹಿಂದಿನಿಂದ ರಾದೊಯ್ ಕೆಮ್ಮಿದ. ಅವನ ಕೆಮ್ಮು ನನಗೆ ಗೊತ್ತು.

"ತಿರುಗಬೇಡ ಕಣೇ," ಅಮ್ಮ ಪಿಸುಗುಟ್ಟಿದಳು, "ಈಗ ತಾನೇ ಮಲಗಿದಾನೆ."

ಮುಂದಿನ ಶನಿವಾರವೂ ದಯವಿಟ್ಟು ಅವಳನ್ನು ಕೆಳಗೆ ಬಿಡಿ. ನಾನು ಮೇಲೆಯೇ ನಿಂತಿರುತ್ತೇನೆ.

ನಿಮ್ಮ ಆಶೀರ್ವಾದ ಬೇಡುವ,
ಯೊರ್ದಾಂಕಾ