ಬಾಣಂತಿ ಎಲ್ಲಿದ್ದಾಳೆ?

ನರಿಕೊಂಬು
ತಾ. 8-3-2025, ಶನಿವಾರ

ಪ್ರೀತಿಯ ಮಗಳಂಥ ಸೊಸೆ ವಿಜೇತಾಳಿಗೆ ನಿನ್ನ ಮಾಮಿ ಮಾಡುವ ಆಶೀರ್ವಾದ.

ಹೇಗಿದ್ದಿ ಮಗಾ? ಸೊಂಟನೋವು ಕಡಿಮೆಯಾಯಿತಾ? ಊಟ ಸರಿ ಮಾಡ್ತಾಳಾ ಎಂದು ಶಿಶಿರನ ಹತ್ತಿರ ಕೇಳಿದರೆ "ಮಾಡ್ತಾಳೆ ಅಮ್ಮ" ಎಂದು ಮುಗಿಸಿಬಿಡ್ತಾನೆ. ಮಸ್ಕತ್ತಿನಲ್ಲಿ ಕೂತವನಿಗೆ ವೇಣೂರಿನಲ್ಲಿರುವ ಹೆಂಡತಿಯ ಬಟ್ಟಲು ಹೇಗೆ ಕಾಣ್ತದೆ ಹೇಳು. ನಿನ್ನ ಅಮ್ಮನಿಗೆ ಬಿಪಿ ಮಾತ್ರೆ ತಪ್ಪದೆ ಕೊಡು. ಇಲ್ಲಿ ನಾವು ಸೌಖ್ಯ. ಮಾವನ ಮಂಡಿನೋವು ಹಾಗೇ ಉಂಟು. ಪಾಣೆಮಂಗಳೂರಿನ ಹೊಟೇಲಿಗೆ ಈಗ ಬೆಳಿಗ್ಗೆ ಮಾತ್ರ ಹೋಗ್ತಾರೆ, ಬನ್ಸ್ ಖಾಲಿಯಾದ ಕೂಡಲೇ ಮನೆಗೆ. ನೀನು ನೆಟ್ಟ ಬಸಳೆ ಚಪ್ಪರ ದಾಟಿ ಬಚ್ಚಲಿನ ಮಾಡಿಗೆ ಹತ್ತಿದೆ. ನಾನು ಕತ್ತಿ ಹಿಡಿದು ಹೋದರೆ ಸಾಕು, "ಅದು ವಿಜೇತಾಳದ್ದು, ಬುಡ ಮುಟ್ಟಬೇಡ" ಎಂದು ಮಾವ ಒಳಗಿನಿಂದಲೇ ಕೂಗ್ತಾರೆ. ನಿನ್ನ ಶಾಲೆಯ ಹೆಡ್‌ಮಿಸ್ ಪೇಟೆಯಲ್ಲಿ ಸಿಕ್ಕಿದ್ದರು. ಯಾವಾಗ ಬರ್ತಾಳೆ ಎಂದು ಕೇಳಿದರು. ಅವಳಿಗೆ ಮನಸ್ಸಾದಾಗ ಬರ್ತಾಳೆ ಎಂದೆ. ಸರಿ ಹೇಳಿದೆನಾ?

ಈ ಕಾಲದಲ್ಲಿ ಎಂತ ಕಾಗದ ಎಂದು ನಿನಗೆ ನಗು ಬರಬಹುದು. ಬರಲಿ, ನಗು. ಮೂರು ತಿಂಗಳಿನಿಂದ ನಾವಿಬ್ಬರೂ ಫೋನಿನಲ್ಲಿ "ಊಟ ಆಯಿತಾ", "ಆಯಿತು" ಎಂಬಲ್ಲಿಗೆ ನಿಲ್ಲಿಸಿದ್ದೇವೆ. ತುಳುವಿನಲ್ಲಿ ಮಾತಿಗೆ ಸುರು ಮಾಡಿದರೆ ನನ್ನ ನಾಲಿಗೆ ನನಗಿಂತ ಮುಂದೆ ಓಡ್ತದೆ. ಕನ್ನಡದಲ್ಲಿ ಬರೆಯುವುದಾದರೆ ಒಂದೊಂದು ಶಬ್ದಕ್ಕೂ ನಿಲ್ಲಬೇಕು. ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ಟೀಚರಮ್ಮ ತಿದ್ದಿಕೊ. ನನ್ನ ನಾಲಿಗೆ ಓಡಿ ಏನು ಮಾಡಿತು ಎಂದು ನಿನಗೆ ಗೊತ್ತುಂಟು. ನವೆಂಬರ್ ಇಪ್ಪತ್ತರಂದು, ನಿನ್ನ ತವರಿನ ಜಗಲಿಯಲ್ಲಿ, ಅಷ್ಟು ಜನರ ಎದುರು, ನಿನ್ನ ಅಮ್ಮನ ಮುಖ ನೋಡಿ, "ನಮ್ಮ ಮನೆಯಲ್ಲಿ ಇದ್ದಿದ್ದರೆ ಮಗು ಹೋಗ್ತಿರಲಿಲ್ಲ" ಎಂದು ಹೇಳಿದವಳು ನಾನು. ಗೋಡೆಗೆ ಒರಗಿ ಕೂತಿದ್ದ ನೀನು ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದಿ. ಆಮೇಲೆ ನೀನು ನನ್ನನ್ನು ನೋಡಲೇ ಇಲ್ಲ.

ಫೆಬ್ರವರಿ ಐದಕ್ಕೆ ಬಿ.ಸಿ.ರೋಡಿನಲ್ಲಿ ಒಂದು ಸಭೆ ಇತ್ತು. ಡಿಸೆಂಬರಿನಲ್ಲಿ ನರ್ಸಮ್ಮ ಒಬ್ಬರು ವೇಣೂರಿಗೆ ಬಂದು, ಮಗು ಯಾವಾಗ ಹಾಲು ಕುಡಿಯಿತು, ಯಾವಾಗ ಬಿಟ್ಟಿತು ಎಂದೆಲ್ಲ ನಿನ್ನ ಹತ್ತಿರ ಕೇಳಿ ಬರೆದುಕೊಂಡು ಹೋದರಲ್ಲ, ಅದರ ಮುಂದಿನದ್ದು. ತೀರಿಕೊಂಡ ಪ್ರತಿಯೊಂದು ಮಗುವಿನ ವಿಷಯವನ್ನೂ ಹಾಗೆ ಕೂತು ನೋಡುವ ಕ್ರಮ ಉಂಟಂತೆ, ಇನ್ನೊಂದು ಮಗುವಿಗೆ ಹಾಗಾಗದಿರಲಿ ಎಂದು. ಮನೆಯವರೂ ಬರಬಹುದು ಎಂದು ಹೇಳಿ ಕಳುಹಿಸಿದ್ದರು. ನಿನ್ನಿಂದ ಆಗುವುದಿಲ್ಲ ಎಂದಿಯಂತೆ. ಮಾವ "ಹೋದ ಮಗುವನ್ನು ಕೆದಕಿ ಎಂತ ಸಿಗ್ತದೆ, ಬೇಡ ಮಾರಾಯ್ತಿ" ಎಂದರು. ಆದರೂ ನಾನು ಹೋದೆ. ನಿಜ ಹೇಳ್ತೇನೆ, ಹೋದದ್ದು ಜಗಳ ಮಾಡಲಿಕ್ಕೆ. ಆಸ್ಪತ್ರೆಯವರನ್ನು ಒಂದು ಕೈ ನೋಡಬೇಕು, ನಿನ್ನ ತವರಿನವರ ಉದಾಸೀನ ಎಲ್ಲರಿಗೂ ಗೊತ್ತಾಗಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋದೆ.

ಅಲ್ಲಿ ಹತ್ತು ಹನ್ನೆರಡು ಕುರ್ಚಿ, ಒಂದು ಮೇಜು. ನಡುವೆ ಒಬ್ಬರು ಡಾಕ್ಟರಮ್ಮ, ನನಗಿಂತ ಚಿಕ್ಕವರು, ತಲೆ ಅರ್ಧ ನರೆತಿದೆ. ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಮುರ್ಶಿದಾ ಇದ್ದಳು. ನೀನು ಬಸುರಿಯಾಗಿದ್ದಾಗ ಮಾತ್ರೆ ತಂದುಕೊಡ್ತಿದ್ದಳಲ್ಲ, ಅವಳೇ. ವೇಣೂರಿನ ಕಡೆಯ ಆಶಾ ಬಂದಿದ್ದಳು, ಮೂಡುಬಿದಿರೆಯಲ್ಲಿ ಹೆರಿಗೆ ಮಾಡಿಸಿದ ಆಸ್ಪತ್ರೆಯಿಂದ ಒಬ್ಬಳು ನರ್ಸು ಬಂದಿದ್ದಳು. ಡಾಕ್ಟರಮ್ಮ ಮೊದಲಿಗೆ ನನ್ನ ಕಡೆ ತಿರುಗಿ ಹೇಳಿದರು, "ಇಲ್ಲಿ ಯಾರನ್ನೂ ಶಿಕ್ಷೆ ಮಾಡಲಿಕ್ಕೆ ಕೂತದ್ದಲ್ಲ ಅಮ್ಮ. ಈ ಮಗು ಎಲ್ಲೆಲ್ಲಿ ನಮ್ಮ ಕೈ ತಪ್ಪಿತು ಎಂದು ಗೊತ್ತಾದರೆ, ಮುಂದಿನ ಮಗುವನ್ನು ಅಲ್ಲಿ ಹಿಡಿದುಕೊಳ್ಳಬಹುದು."

ಆಮೇಲೆ ಒಂದೊಂದಾಗಿ ಓದಿದರು. ನಡೆದದ್ದನ್ನು ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ಅಲ್ಲಿ ಓದಿದ ಹಾಗೆಯೇ ಬರೆಯುತ್ತೇನೆ. ನವೆಂಬರ್ ಹನ್ನೊಂದಕ್ಕೆ ಮೂಡುಬಿದಿರೆಯಲ್ಲಿ ಹೆರಿಗೆ, ಹೆಣ್ಣು, ತೂಕ ಎರಡು ಕೇಜಿ ಐವತ್ತು ಗ್ರಾಂ. ಮೂರನೆಯ ದಿನ ವೇಣೂರಿಗೆ, ತವರಿಗೆ. ಚೀಟಿಯಲ್ಲಿ "ಮಗು ಸಣ್ಣದು, ಬೆಚ್ಚಗೆ ಇಡಿ, ಒಂದು ವಾರದಲ್ಲಿ ತೋರಿಸಿ" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮನೆಗೆ ಹೊರಡುವ ಗಡಿಬಿಡಿಯಲ್ಲಿ ಅದನ್ನು ಮಡಚಿ ಚೀಲಕ್ಕೆ ಹಾಕಿದ್ದು ನಮ್ಮ ಕಡೆಯವರೇ. ಒಂಬತ್ತನೆಯ ದಿನ ಬೆಳಿಗ್ಗೆ ಮಗು ಹಾಲು ಮುಟ್ಟಲಿಲ್ಲ. ವೇಣೂರಿನಿಂದ ಮೂಡುಬಿದಿರೆ, ಅಲ್ಲಿಂದ ಮಂಗಳೂರು. ದಾರಿಯಲ್ಲೇ.

ನಡುವಿನಲ್ಲಿ ನೀನು ನರ್ಸಮ್ಮನಿಗೆ ಹೇಳಿದ ಮಾತನ್ನು ಓದಿದರು. "ಮಗು ಅಳುತ್ತಿರಲಿಲ್ಲ. ಎಲ್ಲರೂ ಒಳ್ಳೆ ಮಗು ಎಂದರು. ಐದನೆಯ ದಿನ ನನಗೆ ಹೆದರಿಕೆಯಾಯಿತು. ಕಾಲು ತಣ್ಣಗೆ ಉಂಟು ಎಂದೆ. ಚೊಚ್ಚಲು, ನಿನಗೆ ಗೊತ್ತಾಗುವುದಿಲ್ಲ ಎಂದರು." ಯಾರು ಎಂದರು ಎಂದು ನೀನು ಹೆಸರು ಹೇಳಿರಲಿಲ್ಲ. ನನಗೆ ಕುರ್ಚಿಯಲ್ಲಿ ಕೂರಲಿಕ್ಕೆ ಆಗಲಿಲ್ಲ. ಆ ಐದನೆಯ ದಿನ ನೀನು ನನಗೂ ಫೋನ್ ಮಾಡಿದ್ದಿ. ಅಳದ ಮಗು ಸಿಗಲಿಕ್ಕೆ ಪುಣ್ಯ ಬೇಕು, ಶಿಶಿರ ಮೂರು ತಿಂಗಳು ನನ್ನನ್ನು ಮಲಗಲು ಬಿಡಲಿಲ್ಲ ಎಂದು ನಕ್ಕವಳು ನಾನು. ಡಾಕ್ಟರಮ್ಮ ಓದುವುದನ್ನು ನಿಲ್ಲಿಸಿ, ಬರೆದುಕೊಳ್ಳುವವರಿಗೆ, "ತಾಯಿಗೆ ಐದನೆಯ ದಿನವೇ ಗೊತ್ತಾಗಿತ್ತು. ಅದನ್ನು ಸರಿಯಾಗಿ ಬರೆಯಿರಿ" ಎಂದರು. ಈ ಒಂದು ಮಾತು ನಿನಗೆ ಮುಟ್ಟಬೇಕು ವಿಜೇತಾ. ಎರಡು ಸಲ ಓದು. ಅಷ್ಟು ಜನರಲ್ಲಿ ಮಗುವನ್ನು ಸರಿಯಾಗಿ ನೋಡಿದವಳು ನೀನು ಒಬ್ಬಳೇ.

ಹೆರಿಗೆಯಾದ ಏಳನೆಯ ದಿನ ಆಶಾ ಮನೆಗೆ ಬಂದು ಮಗುವನ್ನು ತೂಗಬೇಕು, ಮೈಯ ಬಿಸಿ ನೋಡಬೇಕು. ನಿನ್ನ ಹೆಸರು ಇದ್ದದ್ದು ನಮ್ಮ ಬಂಟ್ವಾಳದ ಪಟ್ಟಿಯಲ್ಲಿ, ನೀನು ಇದ್ದದ್ದು ಬೆಳ್ತಂಗಡಿ ತಾಲೂಕಿನಲ್ಲಿ. ವೇಣೂರಿನ ಆಶಾ, "ನಮ್ಮ ಮನೆಯಿಂದ ನಾಲ್ಕೇ ಮನೆ ಆಚೆ. ಅಲ್ಲಿ ಬಾಣಂತಿ ಇರುವುದು ನನಗೆ ತಿಳಿದದ್ದು ಮಗು ತೀರಿಕೊಂಡ ಮೇಲೆ" ಎಂದು ಕಣ್ಣು ಒರೆಸಿಕೊಂಡಳು. ಮುರ್ಶಿದಾ ಎದ್ದು ನಿಂತು ಅವಳ ಡೈರಿ ಓದಿದಳು. "ಏಳನೆಯ ದಿನ ನರಿಕೊಂಬಿನ ಮನೆಗೆ ಹೋದೆ. ಬಾಣಂತಿ ತವರಿನಲ್ಲಿ. ಮಗು ಗಟ್ಟಿ ಉಂಟು ಎಂದು ಅತ್ತೆ ಹೇಳಿದರು." ಓದಿ ಡೈರಿ ಮುಚ್ಚಿ, ತಲೆ ತಗ್ಗಿಸಿ, "ತವರಿನ ಫೋನ್ ನಂಬರ್ ಕೇಳಬೇಕಿತ್ತು ಮೇಡಂ. ಕೇಳಲಿಲ್ಲ. ನನ್ನ ತಪ್ಪು" ಎಂದಳು.

ಅವಳು ಕೇಳಿದ್ದಳು ವಿಜೇತಾ.

ಆ ದಿನ ಮಧ್ಯಾಹ್ನ ಮುರ್ಶಿದಾ ತೂಗುವ ಜೋಲಿಯ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದು, "ಬಾಣಂತಿ ಎಲ್ಲಿದ್ದಾಳೆ ಕಾಂತಿಯಕ್ಕ?" ಎಂದು ಕೇಳಿದಳು. ಹಿಂದಿನ ದಿನವಷ್ಟೇ ನಾನು ಕಾಯಿಸಿ ಕಳುಹಿಸಿದ ಲೇಹ್ಯದ ಡಬ್ಬ ವೇಣೂರಿನಿಂದ ಹಾಗೇ ವಾಪಸು ಬಂದಿತ್ತು, ಇಲ್ಲಿ ಮಾಡಿದ್ದೇ ಬೇಕಾದಷ್ಟು ಉಂಟು ಎಂದು. ನನ್ನ ಕೈಯ ಮದ್ದು ಬೇಡದವರ ಮನೆಗೆ ನಾನು ಯಾಕೆ ಫೋನ್ ಮಾಡಲಿ, ನಾನು ಯಾಕೆ ಜನ ಕಳುಹಿಸಲಿ ಎಂದು ಹೊಟ್ಟೆ ಉರಿಯುತ್ತಿತ್ತು. "ತವರಿನಲ್ಲಿದ್ದಾಳೆ, ಗಟ್ಟಿ ಇದ್ದಾರೆ" ಎಂದೆ. "ನಂಬರ್ ಕೊಡಿ ಅಕ್ಕ, ಅಲ್ಲಿಯ ಆಶಾಗೆ ಹೇಳ್ತೇನೆ" ಎಂದಳು. "ಅವರಿಗೆ ಎಲ್ಲ ಗೊತ್ತುಂಟು, ಯಾರೂ ಬೇಕಾಗಿಲ್ಲ" ಎಂದು ಒಳಗೆ ಹೋದೆ. ನಿನ್ನ ನಂಬರ್ ನನಗೆ ಬಾಯಿಪಾಠ. ಹತ್ತು ಅಂಕಿ ಹೇಳಲಿಕ್ಕೆ ಎಷ್ಟು ಹೊತ್ತು ಬೇಕಿತ್ತು?

ಈಗ ಅವಳು ಆ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ನಿಂತಿದ್ದಾಳೆ. ನಾನು ಬಾಯಿ ಮುಚ್ಚಿ ಕೂತರೆ ಅಲ್ಲಿಗೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ, ಮಾವನಿಗೂ, ಶಿಶಿರನಿಗೂ, ನಿನಗೂ. ಸುಮ್ಮನೆ ಕೂರುವ ಎಂದು ಒಂದು ಗಳಿಗೆ ಅನಿಸಿತು, ಅದನ್ನೂ ಮುಚ್ಚಿಡುವುದಿಲ್ಲ. ಡಾಕ್ಟರಮ್ಮ ಮುಂದಿನ ಹಾಳೆ ತಿರುಗಿಸಿದರು. ಆಗ ನಾನು ಎದ್ದೆ. "ಅವಳು ಕೇಳಿದ್ದಾಳೆ ಮೇಡಂ. ನಾನು ಕೊಡಲಿಲ್ಲ. ಕೋಪ ಇತ್ತು, ಹಾಗೆ ಕೊಡಲಿಲ್ಲ" ಎಂದೆ. ಜೋಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಯಾರಾದರೂ ಬೈಯುತ್ತಾರೆ ಎಂದು ನಿಂತಿದ್ದೆ. ಯಾರೂ ಬೈಯಲಿಲ್ಲ. ವೇಣೂರಿನ ಆಶಾ ನನ್ನ ಕೈ ಹಿಡಿದು ಕೂರಿಸಿ ನೀರು ಕೊಟ್ಟಳು. ಡಾಕ್ಟರಮ್ಮ ಹೇಳಿದರು, "ನೀವು ಇದನ್ನು ಹೇಳದಿದ್ದರೆ ಆಶಾಗಳು ನಂಬರ್ ಕೇಳಬೇಕು ಎಂದು ಒಂದು ಆದೇಶ ಬರೆದು ಏಳ್ತಿದ್ದೆವು. ಅವರು ಕೇಳುತ್ತಲೇ ಇದ್ದಾರೆ. ಗಂಡನ ಮನೆಯ ಬಾಗಿಲಲ್ಲಿ ಕೇಳುವುದೇ ಸರಿಯಲ್ಲ."

ಹಾಗೆ ಆ ದಿನವೇ ಒಂದು ನಿರ್ಧಾರವಾಯಿತು. ಏಳು ತಿಂಗಳು ತುಂಬಿದಾಗಲೇ, ಬಾಣಂತನಕ್ಕೆ ಎಲ್ಲಿಗೆ ಹೋಗ್ತಿ ಎಂದು ಬಸುರಿಯನ್ನೇ ಕೇಳಿ, ಆ ಮನೆಯ ನಂಬರನ್ನು ತಾಯಿ ಕಾರ್ಡಿನಲ್ಲಿ ಬರೆಯುವುದು. ಹೆರಿಗೆಯಾದ ದಿನ ಇಲ್ಲಿಯ ಆಶಾ ಅಲ್ಲಿಯ ಆಶಾಗೆ ಫೋನ್ ಮಾಡುವುದು, ತಾಲೂಕು ಯಾವುದಾದರೂ ಆಗಲಿ. ಸಣ್ಣ ಮಗುವಾದರೆ ಆಸ್ಪತ್ರೆಯವರು ಮನೆಯವರನ್ನು ಕೂರಿಸಿ ತುಳುವಿನಲ್ಲೋ ಬ್ಯಾರಿಯಲ್ಲೋ ಬಾಯಿಬಿಟ್ಟು ಹೇಳುವುದು. ಹೊರಗೆ ಬಂದ ಮೇಲೆ ನಾನು ಮುರ್ಶಿದಾಳನ್ನು ನಿಲ್ಲಿಸಿ, ಸುಳ್ಳು ಯಾಕೆ ಹೇಳಿದಿ ಎಂದು ಕೇಳಿದೆ. "ಮಗು ಕಳಕೊಂಡ ಮನೆಯವರ ಮೇಲೆ ಹೇಗೆ ಹೇಳುವುದು ಅಕ್ಕ?" ಎಂದಳು. ನಾನು ನಿನ್ನ ಅಮ್ಮನಿಗೆ ಹೇಳಿದ್ದು ನೆನಪಾಗಿ ರಸ್ತೆಬದಿಯಲ್ಲೇ ಅತ್ತುಬಿಟ್ಟೆ.

ಇನ್ನೊಂದು ಸಂಗತಿ ಉಂಟು. ಹದಿನೈದು ದಿನದ ಹಿಂದೆ ನಮ್ಮ ಕೆಳಗಿನ ಮನೆ ಧರ್ಣಪ್ಪಣ್ಣನ ಮಗಳು ಉಜಿರೆಯಿಂದ ಬಾಣಂತನಕ್ಕೆ ಬಂದಳು. ಬಂದ ಮರುದಿನವೇ ಉಜಿರೆ ಕಡೆಯ ಆಶಾ ಮುರ್ಶಿದಾಳಿಗೆ ಫೋನ್ ಮಾಡಿದ್ದಾಳೆ. ಇವಳು ಹೋದರೆ ಧರ್ಣಪ್ಪಣ್ಣನ ಹೆಂಡತಿ, ಮಗು ಮಲಗಿದೆ, ಎಬ್ಬಿಸಬೇಡ, ನಾಳೆ ಬಾ ಎಂದರಂತೆ. ಮುರ್ಶಿದಾ ನೆಟ್ಟಗೆ ನಮ್ಮಲ್ಲಿಗೆ ಬಂದು, "ಒಮ್ಮೆ ನೀವು ಬರ್ತೀರಾ ಕಾಂತಿಯಕ್ಕ?" ಎಂದಳು. ಹೋದೆ. ಆ ಅಜ್ಜಿ ನಗುತ್ತಾ, "ಎಷ್ಟು ಒಳ್ಳೆ ಮಗು, ಅಳುವುದೇ ಇಲ್ಲ" ಎಂದು ನನಗೇ ಹೇಳಿದರು. ಅವರನ್ನು ಅಡಿಗೆಮನೆಗೆ ಕರೆದು ನಮ್ಮ ಮಗುವಿನ ಕಥೆ ಎಲ್ಲ ಹೇಳಿದೆ, ನಾನು ಮಾಡಿದ್ದನ್ನೂ ಸೇರಿಸಿ. ಅವರು ತಾವೇ ಹೋಗಿ ಮಗುವನ್ನು ಎತ್ತಿ ತಂದು ಜೋಲಿಗೆ ಹಾಕಿದರು. ಹುಟ್ಟಿದಾಗಿನದ್ದಕ್ಕಿಂತ ಮುನ್ನೂರು ಗ್ರಾಂ ಕಡಿಮೆ, ಅಂಗಾಲು ತಣ್ಣಗೆ. ಅಂಗಿ ಬಿಚ್ಚಿ ತಾಯಿಯ ಎದೆಗೆ ಮಗುವನ್ನು ಅಂಟಿಸಿ, ಮೇಲಿನಿಂದ ಸೀರೆ ಸುತ್ತಿ, ರಿಕ್ಷಾದಲ್ಲಿ ಬಂಟ್ವಾಳಕ್ಕೆ, ಅಲ್ಲಿಂದ ಮಂಗಳೂರಿಗೆ ಹೋದರು. ಎಂಟು ದಿನ ಆಸ್ಪತ್ರೆಯಲ್ಲಿತ್ತು. ಮೊನ್ನೆ ಮನೆಗೆ ಬಂದಿದೆ. ಈಗ ಅದು ಅಳುವುದು ನಮ್ಮ ಅಡಿಗೆಮನೆಗೆ ಕೇಳ್ತದೆ. ನಾವು ಹೋಗದಿದ್ದರೂ ಅದು ಉಳಿಯುತ್ತಿತ್ತೋ ಏನೋ, ಹೇಳಲಿಕ್ಕಾಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಅದು ಅತ್ತಾಗ ನನಗೆ ಒಮ್ಮೆ ಸಂತೋಷ ಆಗ್ತದೆ, ಒಮ್ಮೆ ಕಿವಿ ಮುಚ್ಚಿಕೊಳ್ಳುವ ಎಂದು ಆಗ್ತದೆ. ನಿನಗೆ ಇದನ್ನು ಬರೆಯಬಹುದೋ ಬಾರದೋ ಎಂದು ಎರಡು ದಿನ ಯೋಚಿಸಿದೆ. ನಮ್ಮ ಮಗುವಿನಿಂದಾಗಿ ಆದದ್ದು, ನಿನಗೆ ಗೊತ್ತಿರಬೇಕು.

ನೀನು ಬಾ ಎಂದು ಈ ಕಾಗದದಲ್ಲಿ ನಾನು ಕೇಳುವುದಿಲ್ಲ. ಬಂದರೆ ನಿನ್ನ ಮನೆ, ಬರದಿದ್ದರೂ ನಿನ್ನ ಮನೆ. ಇದನ್ನು ನಿನ್ನ ಅಮ್ಮನಿಗೂ ಓದಿ ಹೇಳು, ಏನನ್ನೂ ಬಿಡದೆ. ನಿನ್ನ ಮೈ ಗಟ್ಟಿಯಾಗಲಿ, ರಾತ್ರಿ ನಿದ್ದೆ ಬರಲಿ, ನಿನ್ನ ಮಾತನ್ನು ಕೇಳುವವರು ನಿನ್ನ ಸುತ್ತ ಇರಲಿ. ಮಾವ ನಿನ್ನನ್ನು ಕೇಳಿದ್ದಾರೆ ಎಂದು ಬರೆಯಲು ಹೇಳಿದರು.

ಇಂತಿ ನಿನ್ನ ಮಾಮಿ,
ಕಾಂತಿ

ಮರೆತದ್ದು: ಮಾವ ಅಂಚೆಗೆ ಹಾಕಲಿಕ್ಕೆ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಸಭೆಯ ಕಾಗದದಲ್ಲಿ ಎಲ್ಲ ಕಡೆ "ವಿಜೇತಾಳ ಹೆಣ್ಣು ಮಗು" ಎಂದು ಮಾತ್ರ ಇತ್ತು. ನಿನ್ನೆ ಶಿಶಿರ ಹೇಳಿದ, ನೀವಿಬ್ಬರೂ ಒಂದು ಹೆಸರು ಇಟ್ಟುಕೊಂಡಿದ್ದಿರಂತೆ, ಆ ಒಂಬತ್ತು ದಿನವೂ ನೀನು ಹಾಗೆಯೇ ಕರೆದಿಯಂತೆ. ಎಂತ ಹೆಸರು ಎಂದರೆ, ಅದನ್ನು ವಿಜೇತಾಳೇ ಹೇಳಬೇಕು ಎಂದ. ಮಂಗಳವಾರ ಬೆಳಿಗ್ಗೆಯ ಬಸ್ಸಿಗೆ ನಾನು ವೇಣೂರಿಗೆ ಬರ್ತೇನೆ, ನಿನ್ನ ಅಮ್ಮನ ಹತ್ತಿರ ತಪ್ಪಾಯಿತು ಎಂದು ಬಾಯಲ್ಲೇ ಹೇಳಬೇಕು. ನಿನಗೆ ನನ್ನನ್ನು ನೋಡಲಿಕ್ಕೆ ಮನಸ್ಸಿಲ್ಲದಿದ್ದರೆ ಒಳಗೇ ಇರು, ಬೇಸರ ಮಾಡುವುದಿಲ್ಲ. ಬಾಗಿಲ ಹಿಂದಿನಿಂದಾದರೂ ಸರಿ, ಆ ಹೆಸರೊಂದು ಹೇಳು. ನಾನು ಅವಳ ಅಜ್ಜಿ, ಒಂದು ಸಲವೂ ಅವಳನ್ನು ಕರೆದಿಲ್ಲ.